ಪೈಲ್ವಾನನ ಏಳು ಗಂಟೆ

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಬೆಕ್ಕು ಮನೆಮಂದಿಯ ಮೇಲೆಲ್ಲ ಹಗೆ ಸಾಧಿಸುತ್ತಿದೆ ಅಂತ ಒಂದು ದಿನ ನನ್ನ ಹತ್ತಿರ ದೂರು ಬಂತು. ದೂರು ತಂದವಳು ಆ ಮನೆಯ ಸೊಸೆ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಅವಳದ್ದು. ನಾನು ಪ್ರಾಣಿಗಳ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್ ಆಗಿರೋದರಿಂದ, ಕಟ್ಟಡದಲ್ಲಿ ನಾಯಿ ಸೀನಿದರೂ ನನ್ನ ಬಾಗಿಲೇ ಬಡಿಯುತ್ತಾರೆ.

"ಅಕ್ಕಾ, ನಮ್ಮ ಪೈಲ್ವಾನನಿಗೆ ಕೊಬ್ಬು ಜಾಸ್ತಿ ಆಗಿದೆ. ಮರಳಿನ ಡಬ್ಬ ಬಿಟ್ಟು ಎಲ್ಲೆಂದರಲ್ಲಿ ಉಚ್ಚೆ ಹೊಯ್ತಾನೆ. ನಿನ್ನೆ ಇಸ್ತ್ರಿ ಮಾಡಿಟ್ಟ ಬಟ್ಟೆ ಮೇಲೇ ಕೂತುಬಿಟ್ಟ."

"ನೀರು ಎಷ್ಟು ಕುಡೀತಾನೆ?"

"ಬಟ್ಟಲು ಖಾಲಿ ಮಾಡಿ ಬಚ್ಚಲ ಬಕೆಟ್ಟಿಗೂ ಬಾಯಿ ಹಾಕ್ತಾನೆ. ಊಟ ಅಂತೂ ಕೇಳಲೇಬೇಡಿ. ಎಷ್ಟು ಹಾಕಿದರೂ ಸಾಲದು. ಆದರೆ ಮೈಗೆ ಹತ್ತುತ್ತಿಲ್ಲ. ಬೆನ್ನುಮೂಳೆ ಎಣಿಸಬಹುದು."

"ನಡಿಗೆ ಹೇಗಿದೆ?"

ಅವಳು ಸ್ವಲ್ಪ ಯೋಚಿಸಿದಳು. "ಹಿಂದಿನ ಕಾಲು ಊರೋದು ಬೇರೆ ಥರ ಆಗಿದೆ. ಪಾದ ಪೂರ್ತಿ ನೆಲಕ್ಕೆ ಹಾಸಿ ನಡೀತಾನೆ. ಮುದುಕರು ಚಪ್ಪಲಿ ಎಳೆದ ಹಾಗೆ."

"ಅವನಿಗೆ ಬೈಯಬೇಡ," ಅಂದೆ. "ಹಗೆ ಅಲ್ಲ ಅದು, ಕಾಯಿಲೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡು ಬಾ."

ರಕ್ತ ನೋಡಿದರು, ಮೂತ್ರ ನೋಡಿದರು. ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಇನ್ಸುಲಿನ್ ಸೂಜಿ ಹಾಕಬೇಕು, ನಡುವೆ ಹನ್ನೆರಡು ಗಂಟೆ ಅಂತರ ಇರಬೇಕು ಅಂತ ನಮ್ಮ ಡಾಕ್ಟರಮ್ಮ ಬರೆದುಕೊಟ್ಟರು.

ಸಂಜೆ ಅವಳ ಗಂಡ ಮೆಟ್ಟಿಲಲ್ಲೇ ನನ್ನನ್ನು ತಡೆದ. ಅವನು ಬಸ್ ಡ್ರೈವರ್. ಮಾತು ಜೋರು, ಮನಸ್ಸು ಮೆತ್ತಗೆ.

"ಅಕ್ಕಾ, ಬೆಕ್ಕಿಗೂ ಸಕ್ಕರೆ ಕಾಯಿಲೆಯಾ? ಯಾಕೆ, ನಮಗೆ ಗೊತ್ತಿಲ್ಲದ ಹಾಗೆ ದಿನಾ ಟೀ ಕುಡೀತಾನಾ?"

"ಸಕ್ಕರೆ ತಿಂದರೆ ಬರೋದಲ್ಲಪ್ಪ ಅದು. ತಿಂದದ್ದು ಮೈಗೆ ಹತ್ತಬೇಕಾದರೆ ಇನ್ಸುಲಿನ್ ಬೇಕು. ಅವನ ಮೈಯಲ್ಲಿ ಅದು ಸರಿಯಾಗಿ ಕೆಲಸ ಮಾಡ್ತಿಲ್ಲ. ಬೊಜ್ಜು ಬಂದ, ವಯಸ್ಸಾದ ಗಂಡು ಬೆಕ್ಕುಗಳಲ್ಲಿ ಜಾಸ್ತಿ. ಇವನು ಮನೆಯೊಳಗೆ ಬಿದ್ದುಕೊಂಡು ಒಂಬತ್ತು ವರ್ಷ ತಿಂದಿದ್ದಾನೆ."

"ಸರಿ, ಒಂದೊಂದು ಹೊತ್ತು ಹೆಚ್ಚುಕಮ್ಮಿ ಆದರೆ ಏನಾಗುತ್ತೆ? ಬೆಕ್ಕಿಗೇನು ಗಡಿಯಾರ ನೋಡೋಕೆ ಬರುತ್ತಾ?"

"ಅವನಿಗೆ ಬರಲ್ಲ. ಅದಕ್ಕೇ ನೀವು ನೋಡಬೇಕು," ಅಂದೆ.

ಅವನು ನಕ್ಕುಬಿಟ್ಟ. ನಾನು ಅವತ್ತು ಇನ್ನೂ ನಾಲ್ಕು ಮಾತು ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು.

ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಡ್ರೈವರ್‌ನ ಅಪ್ಪ. ಎಲ್ಲರೂ ಪ್ರೆಸ್ ತಾತ ಅಂತಲೇ ಕರೆಯೋದು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ಸೀಸದ ಚಿಕ್ಕ ಚಿಕ್ಕ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಸಾಲು ಕಟ್ಟೋ ಕೆಲಸ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಕೋಲೂರಿ ಮನೆಯೊಳಗೆ ನಡೆಯುತ್ತಿದ್ದರು. ಮೆಟ್ಟಿಲು ಇಳಿದವರಲ್ಲ. ಕೈಗೆ ಬಲ ಬರಲಿ ಅಂತ ಹಿಸುಕೋಕೆ ಕೊಟ್ಟಿದ್ದ ರಬ್ಬರ್ ಚೆಂಡು ಮಂಚದ ಕೆಳಗೆ ಉರುಳಿಹೋಗಿತ್ತು. ತೆಗೆದುಕೊಡಿ ಅಂತ ಅವರು ಯಾರನ್ನೂ ಕೇಳಿರಲಿಲ್ಲ. ಪೈಲ್ವಾನ ಮಾತ್ರ ಹಗಲೆಲ್ಲ ಅವರ ಮಗ್ಗುಲಲ್ಲೇ ಮಲಗುತ್ತಿದ್ದ.

ಮೊದಲ ವಾರ ಸೊಸೆ ಚೆನ್ನಾಗಿ ನಿಭಾಯಿಸಿದಳು. ಸೂಜಿ ಹಿಡಿದೇ ಬದುಕುವವಳಲ್ಲವೇ. ಆಮೇಲೆ ಕಾರ್ಖಾನೆಯಲ್ಲಿ ಕೆಲಸ ಹೆಚ್ಚಾಯಿತು, ಮನೆಗೆ ಬರೋದು ತಡವಾಯಿತು. ಗಂಡನ ಪಾಳಿ ವಾರಕ್ಕೊಂದು ಥರ. ಒಂದು ದಿನ ಸೂಜಿ ಒಂಬತ್ತಕ್ಕೆ, ಇನ್ನೊಂದು ದಿನ ಆರಕ್ಕೆ, ಮತ್ತೊಂದು ದಿನ ಇಲ್ಲವೇ ಇಲ್ಲ. ಪೈಲ್ವಾನ ಮತ್ತೆ ಬಕೆಟ್ಟಿಗೆ ಬಾಯಿ ಹಾಕತೊಡಗಿದ.

ಆಮೇಲೆ ಆ ಮಂಗಳವಾರ. ಬೆಳಿಗ್ಗೆ ಏಳಕ್ಕೆ ಸೊಸೆ ಸೂಜಿ ಹಾಕಿ ಕೆಲಸಕ್ಕೆ ಹೋದಳು. ತಾತ ಆಗ ಸ್ನಾನಕ್ಕೆ ಹೋಗಿದ್ದರು. ಒಂಬತ್ತೂವರೆಗೆ ಮಗ ಪಾಳಿ ಮುಗಿಸಿ ಬಂದ. ಇವಳು ಗಡಿಬಿಡಿಯಲ್ಲಿ ಮರೆತಿರ್ತಾಳೆ ಅಂದುಕೊಂಡು ತಾನೂ ಒಂದು ಸೂಜಿ ಹಾಕಿ ಬ್ಯಾಂಕಿಗೆ ಹೊರಟುಹೋದ. ಇಬ್ಬರದೂ ಪ್ರೀತಿಯೇ. ಆದರೆ ಎರಡು ಪ್ರೀತಿ ಸೇರಿ ಆ ಬೆಕ್ಕಿನ ಜೀವಕ್ಕೆ ಸಂಚಕಾರ ತಂದವು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಆಸ್ಪತ್ರೆಗೆ ಫೋನ್ ಬಂತು. ತಾತನ ದನಿ.

"ಅಮ್ಮಾ, ಪೈಲ್ವಾನ ಗೋಡೆಗೆ ಹೋಗಿ ಹೋಗಿ ಡಿಕ್ಕಿ ಹೊಡೀತಿದ್ದಾನೆ. ಕಾಲು ಬಟ್ಟೆ ಥರ ಮಡಚಿಕೊಳ್ತಿವೆ. ಕರೆದರೆ ನೋಡ್ತಾ ಇಲ್ಲ."

"ತಾತಾ, ಸಕ್ಕರೆ ಇಳಿದುಬಿಟ್ಟಿದೆ. ಮನೆಯಲ್ಲಿ ಜೇನುತುಪ್ಪ ಇದೆಯಾ?"

"ಇಲ್ಲ. ಸಕ್ಕರೆ ಇದೆ."

"ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕಲಸಿ, ಬೆರಳಲ್ಲಿ ಅವನ ಒಸಡಿಗೆ ಸವರಿ. ಬಾಯಿಗೆ ಸುರೀಬೇಡಿ, ಶ್ವಾಸಕ್ಕೆ ಹೋಗುತ್ತೆ. ಸವರಿದ ತಕ್ಷಣ ಇಲ್ಲಿಗೆ ಕರ್ಕೊಂಡು ಬರಬೇಕು. ಯಾರಾದರೂ ಇದ್ದಾರಾ?"

"ನಾನಿದ್ದೀನಿ," ಅಂದರು.

ಫೋನ್ ಇಟ್ಟ ಮೇಲೆ ಅವರು ಮಾಡಿದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಒಂದೇ ಕೈಯಲ್ಲಿ ಸಕ್ಕರೆ ಕಲಸಿ ಸವರಿದ್ದಾರೆ. ಸೊಸೆಯ ದೊಡ್ಡ ಬಟ್ಟೆಚೀಲದ ಬಾಯಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಬೆಕ್ಕನ್ನು ಅದರೊಳಗೆ ಇಳಿಸಿ, ಚೀಲವನ್ನು ಕೊರಳಿಗೆ ಹಾಕಿಕೊಂಡಿದ್ದಾರೆ. ಎರಡು ಮಹಡಿ, ಮೂವತ್ತಾರು ಮೆಟ್ಟಿಲು. ಕೋಲು ಬಾಗಿಲಲ್ಲೇ ಬಿಟ್ಟು, ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಕೂತು ಕೂತು ಇಳಿದಿದ್ದಾರೆ. ಕೆಳಗಿನ ಲಾಂಡ್ರಿಯವನು ಅವರನ್ನು ನೋಡಿ ಗಾಬರಿಯಾಗಿ ಇಸ್ತ್ರಿಪೆಟ್ಟಿಗೆ ಆರಿಸಿ, ತನ್ನ ವ್ಯಾನಿನಲ್ಲಿ ಕೂರಿಸಿಕೊಂಡು ಬಂದ.

ಪೈಲ್ವಾನ ಬದುಕಿದ. ಡಾಕ್ಟರಮ್ಮ ಅವತ್ತು ಪೂರ್ತಿ ಅವನಿಗೆ ಗ್ಲೂಕೋಸ್ ಹನಿಸಿ ಕಾದರು. ಸಂಜೆ ಗಂಡಹೆಂಡತಿ ಇಬ್ಬರೂ ಓಡಿಬಂದರು. ನಡೆದದ್ದು ಗೊತ್ತಾದಾಗ ಡ್ರೈವರ್‌ನ ಮುಖ ಬಿಳಿಚಿಕೊಂಡಿತು.

"ನಾನು ಕೊಟ್ಟಿದ್ದು ಔಷಧಿ ತಾನೇ ಮೇಡಂ?"

"ಔಷಧೀನೇ," ಅಂದರು ಡಾಕ್ಟರಮ್ಮ. "ನೀವು ಬಸ್ ಓಡಿಸ್ತೀರಿ. ಏಳರ ಬಸ್ಸು ಒಂಬತ್ತಕ್ಕೆ ಬಂದರೆ ಜನ ಏನು ಮಾಡಬೇಕು? ಇಲ್ಲ, ಒಂದೇ ನಿಲ್ದಾಣಕ್ಕೆ ಎರಡು ಬಸ್ಸು ಒಟ್ಟಿಗೆ ನುಗ್ಗಿದರೆ?"

ಅವನು ತಲೆ ತಗ್ಗಿಸಿದ.

"ಸೂಜಿ ತಪ್ಪಿಸಿದರೆ ಸಕ್ಕರೆ ಏರುತ್ತೆ, ನಿಧಾನವಾಗಿ ಕೊಲ್ಲುತ್ತೆ. ಎರಡು ಸಲ ಹಾಕಿದರೆ ಸಕ್ಕರೆ ಇಳಿಯುತ್ತೆ, ಬೇಗ ಕೊಲ್ಲುತ್ತೆ. ಅದಕ್ಕೇ ಒಬ್ಬರ ಕೈ, ಒಂದೇ ಹೊತ್ತು. ಹಾಕಿದ್ದೀವೋ ಇಲ್ಲವೋ ಅನ್ನೋ ಅನುಮಾನ ಬಂದರೆ ಹಾಕಲೇಬೇಡಿ. ಮುಂದಿನ ಹೊತ್ತಿನವರೆಗೆ ಕಾಯಿರಿ, ನಮಗೊಂದು ಫೋನ್ ಮಾಡಿ. ಈಗ ಹೇಳಿ, ಬೆಳಿಗ್ಗೆ ಏಳಕ್ಕೂ ಸಂಜೆ ಏಳಕ್ಕೂ ನಿಮ್ಮ ಮನೆಯಲ್ಲಿ ತಪ್ಪದೆ ಇರೋರು ಯಾರು?"

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು. ಮೂಲೆಯ ಬೆಂಚಿನಿಂದ ತಾತ ಹೇಳಿದರು: "ನಾನು ಎಲ್ಲಿಗೆ ಹೋಗ್ತೀನಮ್ಮ? ನಾನೇ ಹಾಕ್ತೀನಿ."

"ಅಪ್ಪಾ, ನಿಮ್ಮ ಅಂಗಿ ಗುಂಡಿ ಹಾಕಿಕೊಳ್ಳೋಕೆ ಆಗಲ್ಲ ನಿಮಗೆ," ಅಂದ ಮಗ. ಬೇಕಂತ ಚುಚ್ಚಲಿಲ್ಲ, ಆದರೂ ಮಾತು ಚುಚ್ಚಿತು.

ತಾತ ಮಗನ ಕಡೆ ತಿರುಗಿದರು. "ಅಂಗಿ ಗುಂಡಿ ಹಾಕದಿದ್ದರೆ ಯಾರೂ ಸಾಯಲ್ಲವಲ್ಲೋ. ಅದಕ್ಕೇ ಕಲೀಲಿಲ್ಲ."

ಮರುದಿನದಿಂದಲೇ ಅಭ್ಯಾಸ. ಸಂಜೆ ಕೆಲಸ ಮುಗಿಸಿ ನಾನು ಅವರ ಮನೆಗೆ ಹೋಗುತ್ತಿದ್ದೆ. ಇನ್ಸುಲಿನ್‌ನ ಒಂದು ಖಾಲಿ ಬಾಟಲಿಗೆ ನೀರು ತುಂಬಿ ಕೊಟ್ಟೆ. ಮೇಜಿನ ಅಂಚಿಗೆ ತಿರುಪಿನ ಇಕ್ಕಳವೊಂದನ್ನು ಬಿಗಿದು ಕೂರಿಸಿ, ಬಾಟಲಿಯನ್ನು ಅದರಲ್ಲಿ ತಲೆಕೆಳಗಾಗಿ ಸಿಕ್ಕಿಸೋ ಉಪಾಯ ತಾತನದ್ದೇ. ಎಡಗೈಯಲ್ಲಿ ಸಿರಿಂಜ್ ಹಿಡಿದು ನೀರು ಎಳೆಯೋದು, ಗಾಳಿಗುಳ್ಳೆ ಹೊರಗೆ ತಳ್ಳೋದು, ಗೆರೆ ನೋಡೋದು. ಗೆರೆ ನೋಡೋಕೆ ಪ್ರೆಸ್ಸಿನ ಹಳೇ ಭೂತಕನ್ನಡಿ ತಂದರು. "ಎರಡು ಯೂನಿಟ್ ಅಂದರೆ ಎರಡೇ. ಒಂದು ಕೂದಲೆಳೆ ಜಾಸ್ತಿ ಆಗಬಾರದು ತಾನೇ? ಅಚ್ಚಿನ ತಪ್ಪು ಅಂದರೆ ನನಗೆ ಆಗಲ್ಲ," ಅನ್ನುತ್ತಿದ್ದರು.

ಸ್ಪಂಜಿಗೆ ಚುಚ್ಚಿದರು. ಕಿತ್ತಳೆ ಹಣ್ಣಿಗೆ ಚುಚ್ಚಿದರು. ಕಷ್ಟ ಇದ್ದದ್ದು ಬೆಕ್ಕಿನ ಚರ್ಮ ಹಿಡಿದು ಎತ್ತೋದರಲ್ಲಿ. ಅದಕ್ಕೆ ಇನ್ನೊಂದು ಕೈ ಬೇಕು. ಬಲಗೈಯ ಹೆಬ್ಬೆರಳು, ತೋರುಬೆರಳು ಹತ್ತಿರ ಬರುತ್ತಿದ್ದವು, ಬಿಗಿ ಸಾಲುತ್ತಿರಲಿಲ್ಲ. ಮೂರನೇ ದಿನ ಹೋದಾಗ ಮಂಚದ ಕೆಳಗಿನ ರಬ್ಬರ್ ಚೆಂಡು ಅವರ ಬಲಗೈಯಲ್ಲಿತ್ತು. ಹಣೆಯಲ್ಲಿ ಬೆವರು.

"ನಲವತ್ತು ವರ್ಷ ಎಡಗೈ ಹಿಡೀತು, ಬಲಗೈ ಕೆಲಸ ಮಾಡ್ತು," ಅಂದರು. "ಈಗ ಅದಲುಬದಲು. ಬಲಗೈ ಬರೀ ಹಿಡಿದರೆ ಸಾಕಲ್ಲಮ್ಮ? ಹಿಡಿಯೋದನ್ನಾದರೂ ಕಲೀಲಿ ಸೋಮಾರಿ."

ಹದಿನೆಂಟು ದಿನ ಹಿಡಿಯಿತು. ಅಷ್ಟು ದಿನ ಎರಡೂ ಹೊತ್ತು ನಾನೇ ಮೆಟ್ಟಿಲು ಹತ್ತಿ ಸೂಜಿ ಹಾಕಿದೆ. ಹತ್ತೊಂಬತ್ತನೇ ದಿನ ಡಾಕ್ಟರಮ್ಮ ಖುದ್ದಾಗಿ ಬಂದು ಎದುರಿಗೆ ಕೂತರು. ತಾತ ಬಟ್ಟಲಿಗೆ ಊಟ ಹಾಕಿದರು. ಪೈಲ್ವಾನ ತಿನ್ನುತ್ತಿದ್ದಾಗ ಸೋತ ಬೆರಳುಗಳಿಂದ ಭುಜದ ಹತ್ತಿರದ ಸಡಿಲ ಚರ್ಮ ಹಿಡಿದು ಎತ್ತಿದರು, ಎಡಗೈಯಿಂದ ಸೂಜಿ ಇಳಿಸಿದರು. ಬೆಕ್ಕು ತಲೆ ಕೂಡ ಎತ್ತಲಿಲ್ಲ.

ಮಗ ಬಾಗಿಲಲ್ಲಿ ನಿಂತಿದ್ದ. "ಆಯ್ತಾ?" ಅಂದ.

"ಆಯ್ತು. ನೀನು ಕಣ್ಣು ಮುಚ್ಚಿಕೊಂಡಿದ್ದೆ," ಅಂದರು ತಾತ.

ಅವತ್ತಿನಿಂದ ಸೂಜಿ ಅವರದ್ದೇ. ಹಾಕಿದ ತಕ್ಷಣ ಎಡಗೈಯಲ್ಲಿ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಾರೆ, ಬೆಳಿಗ್ಗೆಗೆ ಒಂದು ಗೆರೆ, ಸಂಜೆಗೆ ಒಂದು ಗೆರೆ. ಬಾಟಲಿ ಫ್ರಿಜ್ಜಿನಲ್ಲಿ, ಹೆಪ್ಪುಗಟ್ಟೋ ಜಾಗದಿಂದ ದೂರ. ಪ್ರತಿ ಸಲ ಹೊಸ ಸೂಜಿ. ಹಳೇ ಸೂಜಿಗಳು ಮುಚ್ಚಳ ಇರೋ ಗಟ್ಟಿ ಡಬ್ಬಕ್ಕೆ, ಡಬ್ಬ ತುಂಬಿದರೆ ಆಸ್ಪತ್ರೆಗೆ.

ಒಂದು ಬೆಳಿಗ್ಗೆ ಪೈಲ್ವಾನ ಊಟ ಮೂಸಿ ನೋಡಿ ಮುಖ ತಿರುಗಿಸಿದ. ವಾಂತಿಯೂ ಮಾಡಿಕೊಂಡಿದ್ದ. ಮಗ ಅವಸರ ಮಾಡಿದ.

"ಅಪ್ಪಾ, ಏಳು ಹೊಡೀತು. ಹಾಕಿಬಿಡಿ, ಟೈಮ್ ತಪ್ಪಬಾರದು."

"ಹೊಟ್ಟೆಗೆ ಬೀಳದೆ ಸೂಜಿ ಇಲ್ಲ. ಮೊದಲು ಫೋನ್ ಕೊಡು," ಅಂದರು ತಾತ.

ಡಾಕ್ಟರಮ್ಮ ಆ ಹೊತ್ತಿನ ಸೂಜಿ ಬೇಡ ಅಂದು, ಬೆಕ್ಕನ್ನು ಕರೆತರೋಕೆ ಹೇಳಿದರು. ಹೊಟ್ಟೆ ಕೆಟ್ಟಿತ್ತು, ಎರಡು ದಿನದಲ್ಲಿ ಸರಿಹೋಯಿತು. "ಅವತ್ತು ನಾನು ಹಾಕಿಬಿಡ್ತಿದ್ದೆ ಅಕ್ಕಾ," ಅಂತ ಡ್ರೈವರ್ ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡ. "ಹೊತ್ತು ಗೊತ್ತಿದ್ದರೆ ಸಾಲದು, ಬೆಕ್ಕನ್ನೂ ನೋಡಬೇಕು ಅಂತ ಅಪ್ಪನಿಂದ ಕಲಿತೆ." ಈಗ ಅವನು ಎಷ್ಟು ದಣಿದು ಬಂದರೂ ಮೊದಲು ಕ್ಯಾಲೆಂಡರ್ ನೋಡುತ್ತಾನೆ. ತಾತನಿಗೆ ಜ್ವರ ಬಂದಾಗ ಅವರು ಹೇಳಿದ ಹಾಗೆ ಸೂಜಿ ಹಾಕೋದನ್ನು ಗಂಡಹೆಂಡತಿ ಇಬ್ಬರೂ ಕಲಿತಿದ್ದಾರೆ. ಆದರೆ ತಾತ ಬಾಯಿಬಿಟ್ಟು "ಇವತ್ತು ನೀನು" ಅನ್ನದೆ ಯಾರೂ ಬಾಟಲಿ ಮುಟ್ಟೋ ಹಾಗಿಲ್ಲ.

ಐದು ತಿಂಗಳಾಯಿತು. ಪೈಲ್ವಾನನ ಹಿಂಗಾಲು ನೆಟ್ಟಗಾಗಿದೆ. ಪಾದ ಎತ್ತಿ, ಬೆರಳ ಮೇಲೆ ನಡೆಯುತ್ತಾನೆ, ಕಿಟಕಿಗೆ ಹಾರುತ್ತಾನೆ. ಸಕ್ಕರೆ ಪರೀಕ್ಷೆ ನೋಡಿ ಡಾಕ್ಟರಮ್ಮನೇ ಇನ್ಸುಲಿನ್ ಅಳತೆ ಇಳಿಸಿದ್ದಾರೆ. ಕೆಲವು ಬೆಕ್ಕುಗಳಿಗೆ ಮುಂದೆ ಸೂಜಿ ಬೇಡದೆಯೂ ಹೋಗಬಹುದು, ಇವನ ವಿಷಯ ಈಗಲೇ ಹೇಳೋಕಾಗಲ್ಲ ಅನ್ನುತ್ತಾರೆ. ತಾತನ ಬಲಗೈ ಪೂರ್ತಿ ಸರಿಹೋಗಿಲ್ಲ. ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಆದರೆ ಗುರುವಾರ ಗುರುವಾರ ಅವರು ಕಂಬಿ ಹಿಡಿದು ಮೆಟ್ಟಿಲಿಳಿದು ನಮ್ಮ ಆಸ್ಪತ್ರೆಗೆ ಬರುತ್ತಾರೆ. ಬೆಕ್ಕಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಕಂಗಾಲಾದವರ ಪಕ್ಕ ಕೂರುತ್ತಾರೆ.

ಹೋದ ವಾರ ಒಬ್ಬ ಹೆಂಗಸು ಬುಟ್ಟಿಯಲ್ಲಿ ಬೆಕ್ಕಿಟ್ಟುಕೊಂಡು ಅಳುತ್ತಿದ್ದಳು. "ನನಗೆ ಸೂಜಿ ಅಂದರೇ ಭಯ ತಾತಾ. ನನ್ನ ಕೈಲಿ ಆಗಲ್ಲ." ತಾತ ಒಂದು ಕಿತ್ತಳೆ ಹಣ್ಣನ್ನು ಬಲಗೈಯ ಎರಡು ಬೆರಳಲ್ಲಿ ಒತ್ತಿ ಹಿಡಿದು ಅವಳ ಮುಂದಿಟ್ಟರು, ಸಿರಿಂಜನ್ನು ಅವಳ ಕೈಗೆ ಕೊಟ್ಟರು. ಆ ಕೈ ನೋಡಿದ ಮೇಲೆ ಅವಳು ಇನ್ನೊಂದು ಸಲ ಆಗಲ್ಲ ಅನ್ನಲಿಲ್ಲ.

ಈ ಕಥೆ ಓದಿದ ನಿಮಗೂ ಒಂದು ಮಾತು. ನಿಮ್ಮ ಬೆಕ್ಕು ಹೆಚ್ಚು ನೀರು ಕುಡಿದು, ಹೆಚ್ಚು ಉಚ್ಚೆ ಹೊಯ್ದು, ತಿಂದರೂ ಸೊರಗುತ್ತಿದ್ದರೆ ಬೈಯಬೇಡಿ, ತೋರಿಸಿ. ಇನ್ಸುಲಿನ್ ಶುರುವಾಗಿದ್ದರೆ ನಿಮ್ಮ ಡಾಕ್ಟರ್ ಹೇಳಿದ ಹೊತ್ತು, ಹೇಳಿದ ಅಳತೆ, ಅವರು ಕೊಟ್ಟ ಸಿರಿಂಜ್ ಇವನ್ನು ಬದಲಿಸಬೇಡಿ. ಬೆಕ್ಕು ಹುಷಾರಾಗಿ ಕಂಡಿತು ಅಂತ ನೀವಾಗಿ ನಿಲ್ಲಿಸಬೇಡಿ. ಊಟ ಮೊದಲು, ಸೂಜಿ ಆಮೇಲೆ, ಗುರುತು ತಕ್ಷಣ. ತೂರಾಡಿದರೆ ಒಸಡಿಗೆ ಸಕ್ಕರೆ ಪಾಕವೋ ಜೇನುತುಪ್ಪವೋ ಸವರಿ ಆಸ್ಪತ್ರೆಗೆ ಓಡಿ.

ಮತ್ತೆ ಇವತ್ತೇ ಮನೆಮಂದಿಯೆಲ್ಲ ಕೂತು, ಆ ಸೂಜಿ ಯಾರ ಕೈಯಲ್ಲಿರಬೇಕು ಅಂತ ತೀರ್ಮಾನ ಮಾಡಿ. ಎಲ್ಲರಿಗಿಂತ ಗಟ್ಟಿ ಕೈಯನ್ನೇ ಹುಡುಕಬೇಕಾಗಿಲ್ಲ. ದಿನಾ ಆ ಹೊತ್ತಿಗೆ ತಪ್ಪದೆ ಅಲ್ಲಿರೋ ಕೈ ಸಾಕು.