ಒಂದು ಗಂಟೆಯ ಬಿಸಿಲಿನ ಲೆಕ್ಕ

ಕೊಲ್ಲಿ ನಾಡಿನ ಸಹಮ್‌ನ ತೋಟದಲ್ಲಿ ಆಳು ಗುರುವ ಸತ್ತ ಮೂರನೆಯ ದಿನ ಮ್ಯಾನೇಜರ್ ಡೆಸ್ಮಂಡ್ ಸೌಮ್ಯಶ್ರೀಯನ್ನು ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಅವಳದೇ ಪಟ್ಟಿಯಿತ್ತು: ಮೇವಿನ ಹುಲ್ಲಿನ ಹನ್ನೆರಡು ಸಾಲು, ದಿನಕ್ಕೆ ಮೂರು ಹೊತ್ತು, ಮಣ್ಣಿನ ತೇವ, ಎಲೆಯ ಬಿಸಿ.

"ಒಂದು ಗಂಟೆ ಅಂತ ಬರ್ದಿದ್ದಿಯಲ್ಲ, ಅದನ್ನು ಹನ್ನೊಂದು ಮಾಡು. ಖಲಾಸ್."

"ಹನ್ನೊಂದಕ್ಕೆ ಅಳೆದದ್ದಲ್ಲ ಅಂಕಲ್."

"ನಂಗೆ ಗೊತ್ತಿಲ್ವಾ ಮಾರಾಯ್ತಿ? ಈ ತಿಂಗಳುಗಳಲ್ಲಿ ಹನ್ನೆರಡೂವರೆ ಮೇಲೆ ಬಯಲಲ್ಲಿ ಆಳು ನಿಲ್ಲಿಸಿದ್ರೆ ಕೇಸು. ಗುರುವ ರೂಮಲ್ಲಿ ಮಲಗಿದಲ್ಲೇ ಹೋದ ಅಂತ ನಾವು ಬರ್ದು ಕೊಟ್ಟಾಗಿದೆ."

ಸೌಮ್ಯಶ್ರೀ ಊರಿನ ಕಾಲೇಜಿನಲ್ಲಿ ಕೃಷಿ ಪದವಿಯ ಮೂರನೇ ವರ್ಷದವಳು. ಅಪ್ಪ ಅಮ್ಮ ಇರುವುದು ಇದೇ ದೇಶದ ಅಲ್ ಅಮೇರಾತ್‌ನಲ್ಲಿ. ಅಪ್ಪ ಕೆಲಸ ಮಾಡುವ ಕಂಪನಿಯದೇ ಈ ತೋಟ. ಹಾಗಾಗಿ ಎಂಟು ವಾರದ ಬೇಸಿಗೆ ಸಂಶೋಧನೆಗೆ ಜಾಗ ಸುಲಭವಾಗಿ ಸಿಕ್ಕಿತ್ತು. ಅತಿ ಬಿಸಿಯ ಹೊತ್ತಿನ ಅಳತೆ ಬೇಕೇ ಬೇಕೆಂದು ಕಾಲೇಜಿನ ಮೇಷ್ಟ್ರು ಹೇಳಿದ್ದರು. ಮೂರು ದಿನ ತಾನೇ ನಿಂತು ಅಳೆದಳು. ನಾಲ್ಕನೆಯ ದಿನ ಮೂಗಿನಲ್ಲಿ ರಕ್ತ ಬಂತು. ಹನಿ ನೀರಾವರಿಯ ಪೈಪು ನೋಡಿಕೊಳ್ಳುತ್ತಿದ್ದ ಗುರುವನನ್ನು ತುಳುವಿನಲ್ಲೇ ಕೇಳಿದಳು.

"ಗುರುವಣ್ಣ, ಮಧ್ಯಾಹ್ನದ್ದೊಂದು ನೀವು ನೋಡ್ತೀರಾ?"

"ಆಯ್ತು ಅಕ್ಕೆರೇ. ಹುಲ್ಲಿಗೂ ಜ್ವರ ನೋಡುದಾ ನಿಮ್ಮ ಕಾಲೇಜಲ್ಲಿ?"

"ಅಕ್ಕೆರೇ ಅನ್ಬೇಡಿ. ನಾನು ನಿಮ್ಮ ಮಗಳ ಪ್ರಾಯದವಳು."

"ಊರಿನ ನಾಲಗೆ. ಇಲ್ಲಿ ಬಂದ್ರೂ ಹೊರಳುದಿಲ್ಲ."

ಅವಳು ನಕ್ಕಿದ್ದಳು. ಅಜ್ಜನ ಅಂಗಳದ ಕೆಳಗೆ ನಿಂತು ಮನೆಯ ಹೆಂಗಸರನ್ನು ಹಾಗೆ ಒಡತಿ ಎಂದು ಕರೆಯುತ್ತಿದ್ದ ಕೆಳಜಾತಿಯ ಆಳುಗಳಿಗೆ 'ಆಗುವುದಿಲ್ಲ' ಎನ್ನುವ ಮಾತನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ. ಕಡಲು ದಾಟಲು ಗುರುವನಿಗೆ ವೀಸಾ ಬೇಕಾಯಿತು. ಜಾತಿಗೆ ಏನೂ ಬೇಕಾಗಲಿಲ್ಲ. ಐವತ್ತು ದಾಟಿದ ಆ ಮನುಷ್ಯ ಹತ್ತೊಂಬತ್ತು ದಿನ, ಜುಲೈ ತಿಂಗಳ ನಡುಮಧ್ಯಾಹ್ನ, ಹುಲ್ಲಿಗೆ ಎಷ್ಟು ಬಿಸಿಯೆಂದು ದುಂಡಗೆ ಬರೆದಿಟ್ಟ. ಇಪ್ಪತ್ತನೆಯ ದಿನ ಎಂಟನೇ ಸಾಲಿನಲ್ಲಿ ಬಿದ್ದ. ಅವಳ ಸಂಶೋಧನೆಯ ಹೆಸರು ಸುಸ್ಥಿರ ಕೃಷಿಯಂತೆ! ಹುಲ್ಲು ಎಷ್ಟು ತಾಳುತ್ತದೆಂದು ಬರೆಯಲು ಆ ಪಟ್ಟಿಯಲ್ಲಿ ಆರು ಕಾಲಂಗಳಿದ್ದವು, ಆಳು ಎಷ್ಟು ತಾಳುತ್ತಾನೆಂದು ಬರೆಯಲು ಒಂದೂ ಇರಲಿಲ್ಲ.

"ಒಂದು ಗಂಟೆ ಅಂತ ಕೊಟ್ರೆ ಮೊದಲು ಕೇಳುದು, ಕಳಿಸಿದ್ದು ಯಾರು ಅಂತ. ನಾನಾ? ನಾನು ಕಿಟಕಿಯಿಂದ ನೋಡಿದ್ದು ಹೌದು, ಕಳಿಸಿದವ ಅಲ್ಲ," ಎಂದ ಡೆಸ್ಮಂಡ್. ಆಮೇಲೆ ದನಿ ಇಳಿಸಿದ. "ನಿನ್ನಪ್ಪನಿಗೂ ವೀಸಾ ಕೊಟ್ಟದ್ದು ಇದೇ ಕಫೀಲ್, ಮಗಾ. ಯೋಚ್ನೆ ಮಾಡು."

ಹೊರಗೆ ಬಂದು ಪೈಪಿನ ಷೆಡ್ಡಿನ ನೆರಳಲ್ಲಿ ಕುಳಿತು ಅವಳು ಗುರುವನ ಹೆಂಡತಿ ಸುಂದರಿಗೆ ಫೋನು ಮಾಡಿದಳು.

"ನಿದ್ರೆಯಲ್ಲೇ ಹೋದ್ರಂತೆ, ಹೌದಾ ಅಕ್ಕೆರೇ?" ಸುಂದರಿಯ ದನಿ ಅತ್ತತ್ತು ಒಡೆದುಹೋಗಿತ್ತು. "ನಿದ್ರೆಯಲ್ಲಾದ್ರೆ ಗೊತ್ತಾಗುದಿಲ್ಲಂತೆ. ಅದೊಂದು ಸಮಾಧಾನ ನಂಗೆ."

ಹೌದು ಎಂದರೆ ಮುಗಿಯುತ್ತಿತ್ತು. ಅಪ್ಪನ ಕೆಲಸ ಉಳಿಯುತ್ತಿತ್ತು, ಈ ಹೆಂಗಸಿಗೂ ಒಂದಿಷ್ಟು ನಿದ್ದೆ ಹತ್ತುತ್ತಿತ್ತು.

"ಅಲ್ಲ ಸುಂದರಕ್ಕ. ಹುಲ್ಲಿನ ಗದ್ದೆಯಲ್ಲಿ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿಗೆ. ಕಳಿಸಿದ್ದು ನಾನು."

ಆ ಕಡೆ ಕೋಳಿಯೊಂದು ಕೂಗುತ್ತಿತ್ತು.

"ನೀರು ಕೊಟ್ಟಿದ್ದಿಯಾ?"

"ನಾನು ಅಲ್ಲಿರಲಿಲ್ಲ."

"ಎಲ್ಲಿದ್ದಿ?"

"ರೂಮಲ್ಲಿ. ಏಸಿಯಲ್ಲಿ."

"ಹಾಗಾದ್ರೆ ಈಗ ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರಿ. ನಿನ್ನ ಹೆಸರು ಹಾಕಿ ಬರಿ. ನಂಗೆ ಒಂದು ಕಳಿಸು, ಅಲ್ಲಿಯ ಸರ್ಕಾರಕ್ಕೆ ಒಂದು ಕೊಡು. ಅಳಬೇಡ. ಅಳ್ಲಿಕ್ಕೆ ನಾನಿದ್ದೇನೆ."

ಫೋನು ಕಟ್ಟಾಯಿತು. ಸೌಮ್ಯಶ್ರೀ ಹಾಳೆ ತೆಗೆದಳು. ಮೊದಲ ಸಾಲಿಗೇ ಕೈ ನಿಂತಿತು. ಆ ಸಾಲನ್ನು 'ನಾನು' ಎಂದೇ ಶುರು ಮಾಡಬೇಕಿತ್ತು, ಬೇರೆ ದಾರಿಯಿರಲಿಲ್ಲ.

ಬರೆದಳು.