ಕಿವಿಯಕ್ಕ ಮತ್ತು ಗುರು ಕಪ್

ಪಿಂಗಾಣಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಸುಟ್ಟು ತಣಿದ ಕಪ್‌ಗಳು ಮೇಜಿನ ಮೇಲೆ ಸಾಲಾಗಿ ಬಂದರೆ, ಮರದ ಪುಟ್ಟ ಕಡ್ಡಿಯಿಂದ ಒಂದೊಂದರ ಅಂಚಿಗೂ ತಟ್ಟಿ ಸದ್ದು ಕೇಳುವುದು ಅವಳ ಕೆಲಸ. ಗಟ್ಟಿ ಕಪ್ 'ಟಣ್' ಎನ್ನುತ್ತದೆ, ಬಿರುಕು ಬಿಟ್ಟದ್ದು 'ಟಪ್' ಎಂದು ಸುಮ್ಮನಾಗುತ್ತದೆ. ಭೂತಗನ್ನಡಿ ಹಿಡಿದರೂ ಕಾಣದ ಬಿರುಕು ಅವಳ ಕಿವಿಗೆ ಸಿಕ್ಕಿಬೀಳುತ್ತಿತ್ತು. ಹದಿನೆಂಟು ವರ್ಷದಲ್ಲಿ ಅವಳು ಪಾಸು ಮಾಡಿದ ಒಂದೇ ಒಂದು ಕಪ್ಪೂ ವಾಪಸು ಬಂದಿರಲಿಲ್ಲ. ಅಂಥ ಕಿವಿಗೆ ಕೈಮುಗಿಯಬೇಕು, ನಿಜ. ಆದರೆ ಆ ಕಿವಿ ಸಂಜೆ ಐದಕ್ಕೆ ಅವಳ ಜೊತೆ ಮನೆಗೂ ಬರುತ್ತಿತ್ತಲ್ಲ, ತೊಂದರೆ ಇದ್ದದ್ದು ಅಲ್ಲಿ.

ಗಂಡ ಸಿಟಿ ಬಸ್ಸಿನ ಡ್ರೈವರು, ಬಾಯಿ ತುಂಬ ಮಾತಿನ ಮನುಷ್ಯ. ಚಪ್ಪಲಿ ಬಿಡುವಷ್ಟರಲ್ಲಿ ಮೂರು ಸುದ್ದಿ ಹೇಳಿ ಮುಗಿಸುತ್ತಿದ್ದ.

"ಇವತ್ತು ಒಬ್ರು ಅಜ್ಜಿ ಇಳಿಯುವಾಗ ನನ್ನ ತಲೆ ಸವರಿ ಹೋದ್ರು ಕಣೇ."

"ಸ್ಟಾಪಿಲ್ಲದ ಕಡೆ ನಿಲ್ಲಿಸಿರ್ತೀರಿ, ಅದಕ್ಕೇ."

"ಡಿಪೋದಲ್ಲಿ ನನ್ನ ಫೋಟೋ ಹಾಕಿದ್ದಾರೆ!"

"ಯಾವುದು, ಆ ನೀಲಿ ಷರ್ಟಿಂದಾ? ಅದರ ಕಾಲರ್ ಹರಿದಿತ್ತಲ್ರೀ?"

ಮೊಸರಲ್ಲಿ ಕಲ್ಲು ಹುಡುಕುವುದು ಎಂದರೆ ಇದೇ. ಅವನ ಮೇಲೆ ಸಿಟ್ಟಿತ್ತೆಂದಲ್ಲ. ಅವನಿಗೆಲ್ಲಿ ಪೆಟ್ಟಾಗುತ್ತದೋ ಎಂಬ ಕಾಳಜಿಯೇ ಅವಳ ಬಾಯಿಂದ ಹಾಗೆ ಹೊರಡುತ್ತಿತ್ತು.

ಎರಡು ತಿಂಗಳಿಂದ ಅವನ ಸುದ್ದಿ ನಿಂತಿತ್ತು. ಬರುತ್ತಿದ್ದ, ಕೈಕಾಲು ತೊಳೆಯುತ್ತಿದ್ದ, ಕೇಳಿದರೆ "ಎಲ್ಲಾ ಮಾಮೂಲಿ" ಎನ್ನುತ್ತಿದ್ದ. ಮನೆ ತಣ್ಣಗಾಯಿತು ಎಂದು ಅವಳು ಮೊದಮೊದಲು ಖುಷಿಪಟ್ಟದ್ದೂ ಉಂಟು. ಒಂದು ಭಾನುವಾರ ನಾದಿನಿಯ ಫೋನ್ ಬಂತು.

"ಅತ್ತಿಗೆ, ನಮ್ಮಣ್ಣ ಮೇಷ್ಟ್ರಾಗ್ಬಿಟ್ಟನಲ್ಲ! ಹೊಸ ಡ್ರೈವರ್‌ಗಳಿಗೆ ಕಲಿಸೋಕೆ ಇಡೀ ಡಿಪೋಗೆ ಇವನೊಬ್ಬನ್ನೇ ಆರಿಸಿದ್ದಾರಂತೆ. ನೀವೆಷ್ಟು ಕುಣಿದಾಡಿರಬೇಡ!"

"ಹ್ಞೂ, ಮತ್ತೆ?" ಎಂದಳು ಕಿವಿಯಕ್ಕ. ಅವಳಿಗೆ ಇದು ಗೊತ್ತೇ ಇರಲಿಲ್ಲ. ಕೆಟ್ಟ ಸುದ್ದಿ ಮುಚ್ಚಿಟ್ಟಿದ್ದರೆ ಹಿಡಿದು ಜಗಳವಾಡಬಹುದಿತ್ತು. ಒಳ್ಳೆಯದನ್ನು ಮುಚ್ಚಿಟ್ಟವನ ಹತ್ತಿರ ಏನಂತ ಜಗಳವಾಡುವುದು? ಇವನ ಸಂತೋಷಕ್ಕೆ ಬೇರೆ ಮನೆಯ ಬಾಗಿಲು ಸಿಕ್ಕಿಬಿಟ್ಟಿದೆ, ನಾಳೆ ಇವನೇ ನನ್ನ ಕೈತಪ್ಪಿ ಹೋಗುತ್ತಾನೆ ಎಂದು ಅವಳಿಗೆ ಭಯವಾಯಿತು. ಆ ಸಂಜೆ ಅವನಿಗೆ ಊಟ ಬಡಿಸಿ ಬೇಗ ಮಲಗಿಬಿಟ್ಟಳು.

ಸೋಮವಾರ ಕಾರ್ಖಾನೆಯಲ್ಲಿ ಯಾರೂ ನಂಬದ ಸಂಗತಿ ನಡೆಯಿತು. ಹತ್ತು ಗಂಟೆಯೊಳಗೆ ಅವಳ ಪಕ್ಕದ ಕೆಂಪು ಕ್ರೇಟು, ಅಂದರೆ ಒಡಕು ಮಾಲಿನದು, ತುಂಬಿ ತುಳುಕುತ್ತಿತ್ತು. ಸೂಪರ್‌ವೈಸರ್ ಓಡಿಬಂದು ಅದರಿಂದ ಒಂದು ಕಪ್ ಎತ್ತಿ ತಟ್ಟಿದ. ಟಣ್. ಇನ್ನೊಂದು, ಮತ್ತೊಂದು. ಎಲ್ಲವೂ ಟಣ್.

"ಅಕ್ಕಾ, ಇವತ್ತು ಗುರುನ ತಟ್ಟಿದ್ರಾ?"

ಅವಳು ನಾಲಿಗೆ ಕಚ್ಚಿಕೊಂಡಳು. ಮೇಜಿನ ಮೂಲೆಯಲ್ಲಿ ಒಂದು ಹಳೆಯ ಬಿಳಿ ಕಪ್ ಇರುತ್ತದೆ. ಅದೇ ಗುರು ಕಪ್. ಅದರಲ್ಲಿ ಒಂದೂ ದೋಷವಿಲ್ಲ. ಕೆಲಸ ಶುರುಮಾಡುವ ಮುಂಚೆ ಅದನ್ನು ಮೂರು ಸಲ ತಟ್ಟಿ, ಗಟ್ಟಿ ಸದ್ದನ್ನು ಕಿವಿಗೆ ತುಂಬಿಕೊಳ್ಳಬೇಕು. ಹಾಗೆ ಮಾಡದೆ ಒಡಕಿನ ಸದ್ದನ್ನೇ ಕಾಯುತ್ತ ಕೂತರೆ, ಗಟ್ಟಿಯದೂ ಒಡಕಾಗಿಯೇ ಕೇಳುತ್ತದೆ. ಹೊಸಬರಿಗೆಲ್ಲ ಇದನ್ನು ಕಲಿಸಿದವಳೇ ಅವಳು. ತಾನೇ ಬಿಸಾಕಿದ ಕಪ್‌ಗಳನ್ನು ಮತ್ತೆ ಒಂದೊಂದಾಗಿ ತಟ್ಟುತ್ತ, ಮನೆಯಲ್ಲಿ ಗುರುವನ್ನು ತಟ್ಟಿ ಎಷ್ಟು ವರ್ಷವಾಯಿತು ಎಂದು ಯೋಚಿಸಿದಳು. ಲೆಕ್ಕ ಸಿಗಲಿಲ್ಲ. ಅಳು ಬಂತು.

ಸಂಜೆ ಅವನು ಬಂದ. "ಎಲ್ಲಾ ಮಾಮೂಲಿ" ಎಂದ.

"ರೀ, ನೀವು ಮೇಷ್ಟ್ರಾಗಿದ್ದನ್ನ ನಿಮ್ಮ ಬಾಯಿಂದಲೇ ಕೇಳ್ಬೇಕು ನಂಗೆ. ಮೊದಲಿಂದ ಹೇಳಿ."

ಸಿಕ್ಕಿಬಿದ್ದ ಕಳ್ಳನ ಹಾಗೆ ಅವನು ನಿಂತಲ್ಲೇ ನಿಂತ. ಆಮೇಲೆ ಅಳೆದು ತೂಗಿ ಎರಡು ಮಾತು ಹೇಳಿದ: ತನ್ನನ್ನು ಆರಿಸಿದ್ದಾರೆ, ಊರಾಚೆಯ ತರಬೇತಿ ಕೇಂದ್ರಕ್ಕೆ ಹೋಗಿ ಕಲಿಸಬೇಕು. ಸಂಬಳ ಎಷ್ಟು ಜಾಸ್ತಿ, ದಿನಾ ಅಷ್ಟು ದೂರ ಹೋಗ್ಬೇಕಾ, ನಿಮ್ಮ ಬೆನ್ನುನೋವಿನ ಗತಿ ಏನು? ಎಲ್ಲವೂ ಅವಳ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ನುಂಗಿಕೊಂಡಳು.

"ಆಮೇಲೆ?" ಎಂದಳು.

ಅವನು ಕುರ್ಚಿ ಎಳೆದುಕೊಂಡು ಕೂತ. ಪರೀಕ್ಷೆಯ ದಿನ ಸ್ಟೀರಿಂಗ್ ಮುಂದೆ ತುಂಬಿದ ನೀರಿನ ಲೋಟ ಇಟ್ಟಿದ್ದರಂತೆ. ಇಳಿಜಾರು, ತಿರುವು, ಮಾರ್ಕೆಟ್ ರಸ್ತೆಯ ಜಂಗುಳಿ ಎಲ್ಲ ದಾಟಿಸಿದರೂ ಒಂದು ಹನಿ ಚೆಲ್ಲಲಿಲ್ಲವಂತೆ. ಹೇಳುತ್ತ ಹೇಳುತ್ತ ಅವನ ಕೈಗಳು ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸತೊಡಗಿದವು. ಎಂಥ ಕೈಗಳು! ಎಷ್ಟು ಸಾವಿರ ಜನರನ್ನು ಮನೆ ಮುಟ್ಟಿಸಿದ ಕೈಗಳು ಎಂದು ಅವಳಿಗೆ ಹೆಮ್ಮೆ ಉಕ್ಕಿತು. ಉಕ್ಕಿದ್ದನ್ನು ಒಳಗಿಟ್ಟುಕೊಳ್ಳಲಿಲ್ಲ.

"ನಿಮ್ಮ ಬಸ್ಸಲ್ಲಿ ಕೂರೋರು ಪುಣ್ಯವಂತರು ಕಣ್ರೀ."

ಅವನು ಗಾಳಿಯ ಸ್ಟೀರಿಂಗ್ ಬಿಟ್ಟು ಅವಳನ್ನೇ ನೋಡಿದ.

"ಆದ್ರೆ ತಂಗಿಗೆ ಮೊದಲು ಹೇಳಿದ್ರಲ್ಲ" ಎಂದಳು, "ನಾನು ಅಷ್ಟು ಬೇಡವಾದ್ನಾ?"

ಅವನು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಬಿಚ್ಚಿದ. ಸಂಬಳ, ದೂರ, ಬೆನ್ನುನೋವು, ಮಧ್ಯಾಹ್ನದ ಊಟ... ಅವಳು ನುಂಗಿಕೊಂಡ ಪ್ರಶ್ನೆಗಳೆಲ್ಲ ಅದರಲ್ಲಿದ್ದವು, ಹೆಚ್ಚಿನವುಗಳ ಪಕ್ಕದಲ್ಲಿ ಅವನ ದುಂಡು ಅಕ್ಷರದಲ್ಲಿ ಉತ್ತರ.

"ನಿನ್ನ ಕೈಯಲ್ಲಿ ಪಾಸಾಗದ ಸುದ್ದಿ ನಂಗೆ ಸುದ್ದಿನೇ ಅಲ್ಲ ಕಣೇ" ಎಂದ. "ಬಿರುಕೆಲ್ಲಿದೆ ಅಂತ ಮೊದಲು ತಂಗಿ ಹತ್ರ ತಟ್ಟಿಸಿ ನೋಡ್ದೆ. ಎಲ್ಲಾ ಸರಿಮಾಡ್ಕೊಂಡು ನಿಂಗೆ ಹೇಳೋಣ ಅಂತ. ಇನ್ನೂ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ."

ಅವಳು ಕಾಗದ ಇಸಿದುಕೊಂಡಳು. ಉತ್ತರ ಓದದೆ, ಇದ್ದ ಹಾಗೇ ಮಡಚಿ ಅವನ ಜೇಬಿಗೇ ಇಟ್ಟಳು.

"ಇದು ನಾಳೆಗಿರಲಿ" ಎಂದಳು ಕಣ್ಣೊರೆಸಿಕೊಂಡು. "ಆ ನೀರಿನ ಲೋಟದ್ದು ಇನ್ನೊಂದ್ಸಲ ಹೇಳಿ."