ಗಂಡಸಿಲ್ಲದ ಮನೆಯ ಆಣೆ

ಕರೆಂಟಿಗೆ ಬಿಲ್ಲು ಕಟ್ಟುವ ರೂಢಿ ಸ್ವಾನೇತಿ ಎಂಬ ಹಿಮದ ಸೀಮೆಯ ಆ ಬೆಟ್ಟದೂರಿಗೆ ಇರಲಿಲ್ಲ. ಅದನ್ನೇ ನಂಬಿ ಜೋಕಿಯಾ ದನದ ಕೊಟ್ಟಿಗೆಯಲ್ಲಿ ಬಿಟ್‌ಕಾಯಿನ್ ಹುಟ್ಟಿಸುವ ಕಂಪ್ಯೂಟರ್ ಕಟ್ಟಲು ಕೂತ. ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡುಗಳನ್ನು ಜುಗ್ದಿದಿ ಪೇಟೆಯಿಂದ ಆಲೂಗಡ್ಡೆ ಚೀಲದಲ್ಲಿ ಹೊತ್ತು ತಂದ. ಪೆಟ್ಟಿಗೆಗೆ ಯಾಕೆ ಖರ್ಚು ಎಂದು ಪೈನ್ ಮರದ ರೀಪರು ಬಡಿದು ಚೌಕಟ್ಟು ಮಾಡಿದ. ಕಾರ್ಡುಗಳನ್ನು ಒಣಹಾಕಿದ ಬಟ್ಟೆಯಂತೆ ಸಾಲಾಗಿ ತೂಗಿಸಿ, ಬಿಸಿಯಾಗದಿರಲಿ ಎಂದು ಎದುರಿಗೆ ಮನೆಯ ಫ್ಯಾನು ಇಟ್ಟ. ಅವನನ್ನು ನೋಡಿ ಇನ್ನೂ ಹಲವರು ಕಟ್ಟಿದರು.

ಈ ಯಂತ್ರಗಳು ಹಗಲೂ ರಾತ್ರಿ ಎಳೆಯುವ ಕರೆಂಟಿನ ಭಾರಕ್ಕೆ ಆ ಚಳಿಗಾಲ ಊರಿನ ಟ್ರಾನ್ಸ್‌ಫಾರ್ಮರ್ ಪದೇ ಪದೇ ಸುಟ್ಟುಹೋಯಿತು. ಹಿರಿಯರು ಸೇರಿ ತೀರ್ಮಾನ ಮಾಡಿದರು: ಭಾನುವಾರ ಪ್ರತಿ ಮನೆಯ ಯಜಮಾನ ಚರ್ಚಿನಲ್ಲಿರುವ ಸಂತ ಗಿಯೋರ್ಗಿಯ ಪಟ ಮುಟ್ಟಿ, ತನ್ನ ಸೂರಿನಡಿ ಯಂತ್ರವಿಲ್ಲವೆಂದು ಆಣೆ ಇಡಬೇಕು. ಪೊಲೀಸರ ಮುಂದೆ ಸುಳ್ಳು ಹೇಳುವವರೂ ಪಟದ ಮುಂದೆ ಹೇಳುವುದಿಲ್ಲ. ಸುಳ್ಳಾಣೆ ಮೊಮ್ಮಕ್ಕಳನ್ನೂ ಬಿಡುವುದಿಲ್ಲವೆಂಬ ಭಯ.

ಶನಿವಾರ ಜೋಕಿಯಾ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಪಕ್ಕದ ಮನೆಗೆ ತಂದ. ಅಲ್ಲಿ ತೀರಿಹೋದ ಅಣ್ಣನ ಹೆಂಡತಿ ದರೀಕೊ ಒಬ್ಬಳೇ ಇದ್ದಳು.

"ಅತ್ತಿಗೆ, ಇದು ನಿಮ್ಮ ಅಟ್ಟದ ಮೇಲಿರಲಿ."

"ನನ್ನ ಮನೇಲಿ ಯಾಕೋ?"

"ನಿಮ್ಮನೇಲಿ ಗಂಡಸಿಲ್ಲ, ಆಣೆಗೆ ಯಾರೂ ಕರೆಯಲ್ಲ. ನನ್ನ ಸೂರಿನಡಿ ಇಲ್ಲ ಅಂತ ನಾನೂ ನಿಜಾನೇ ಹೇಳಿದ ಹಾಗಾಯ್ತು."

"ದೇವರಿಗೇ ಟೋಪಿ ಹಾಕ್ತೀಯಾ?"

"ನಿಮ್ಮ ಸೌದೆ ಯಾರು ಒಡೀತಾರೆ, ಹುಲ್ಲು ಯಾರು ಕೊಯ್ತಾರೆ, ಸ್ವಲ್ಪ ಯೋಚನೆ ಮಾಡಿ."

ದರೀಕೊ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಭಾನುವಾರ ಹೆಂಗಸರು ಚರ್ಚಿನ ಹೊರಗೆ ಹಿಮದಲ್ಲಿ ನಿಂತಿದ್ದರು. ಹಿರಿಯ ಬಿಮುರ್ಜಾ ಬಾಗಿಲಲ್ಲಿ ನಿಂತು ಒಂದೊಂದೇ ಮನೆಯ ಹೆಸರು ಕೂಗಿದ. ಜೋಕಿಯಾ ಹೋದ, ಮುಟ್ಟಿದ, ಬಂದ. ಮುಂದೆ ಕೂಗಬೇಕಾದದ್ದು ದರೀಕೊಳ ಮನೆ. ಬಿಮುರ್ಜಾ ಅದನ್ನು ದಾಟಿ ಆಚೆಯ ಮನೆ ಕೂಗಿದ. ಕೂಗದಿರಲಿ ಎಂದೇ ಅವಳು ಬೆಳಿಗ್ಗೆಯಿಂದ ಬೇಡಿಕೊಂಡಿದ್ದಳು. ಆದರೆ ತಾನು ಇಷ್ಟು ವರ್ಷ ಒಲೆ ಆರದಂತೆ ನೋಡಿಕೊಂಡ ಮನೆ ಹೆಸರಿಗೂ ಇಲ್ಲದಂತಾದಾಗ ಅವಳು ಹೆಂಗಸರ ಸಾಲು ಬಿಟ್ಟು ಬಾಗಿಲಿಗೆ ನಡೆದಳು.

"ಅಜ್ಜ, ನಮ್ಮನೆ ಬಿಟ್ಟುಬಿಟ್ರಿ."

"ನಿಮ್ಮನೇದು ಏನಿದೆ ತಾಯಿ? ಗಂಡ ಇಲ್ಲ, ಮಗ ಇಲ್ಲ. ಆಣೆ ತಪ್ಪಿದ್ರೆ ಯಾರ ತಲೆ ಮೇಲೆ ಬೀಳ್ಬೇಕು?"

"ನನಗೆ ತಲೆ ಇಲ್ವಾ?"

"ಇದೆ ಇದೆ, ಹುಲ್ಲು ಹೊರೋಕೆ," ಎಂದ ಗಂಡಸರ ಗುಂಪಿನಲ್ಲೊಬ್ಬ. ನಾಲ್ಕಾರು ಜನ ನಕ್ಕರು.

"ಯಂತ್ರ ನನ್ನ ಅಟ್ಟದ ಮೇಲಿದೆ. ತಂದಿಟ್ಟವನು ಜೋಕಿಯಾ," ಎಂದಳು ದರೀಕೊ.

ನಗು ನಿಂತಿತು. ಜೋಕಿಯಾ ನೆಲ ನೋಡುತ್ತ, "ಪಟ ಮುಟ್ಟಿದೀನಿ ಅಜ್ಜ. ಇನ್ನೇನು ಮಾಡ್ಲಿ?" ಎಂದ.

ಬಿಮುರ್ಜಾ ಸುತ್ತ ನೋಡಿದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ತಮ್ಮ ಯಂತ್ರವನ್ನು ಎಲ್ಲೆಲ್ಲೋ ಸಾಗಿಸಿ ಬಂದವರು ಅಲ್ಲಿ ಇನ್ನೂ ಹಲವರಿದ್ದರು. ಒಂದು ಆಣೆ ಕೆದಕಿದರೆ ಎಲ್ಲರದೂ ಕೆದಕಬೇಕು.

"ಆಣೆ ಇಟ್ಟವನ ಮಾತು ಮಾತೇ. ಹಾಗಾದ್ರೆ ಯಂತ್ರ ನಿಂದೇ ತಾಯಿ," ಎಂದ.

ಅಂದೇ ಯಂತ್ರವನ್ನು ಅಟ್ಟದಿಂದಿಳಿಸಿ ಕೊಡಲಿಯಿಂದ ಒಡೆದರು. ಅವಳ ಮನೆಯ ತಂತಿಯನ್ನೂ ಕಂಬದಿಂದ ಕಿತ್ತರು. ಸೌದೆ ಒಡೆಯಲು ಜೋಕಿಯಾ ಮತ್ತೆ ಬರಲಿಲ್ಲ.

ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವುದೇನೂ ನಿಲ್ಲಲಿಲ್ಲ. ಕರೆಂಟು ಹೋದಾಗಲೆಲ್ಲ ಗಂಡಸರು ನೇರ ದರೀಕೊಳ ಬಾಗಿಲಿಗೆ ಬಂದು ಅಟ್ಟ ಹತ್ತಿ ಹುಲ್ಲು ಕೆದರಿ ಹುಡುಕುತ್ತಿದ್ದರು. ಆ ಮನೆಗೆ ತಂತಿಯೇ ಇಲ್ಲವೆಂಬುದು ಅವರಲ್ಲಿ ಯಾರಿಗೂ ಅಡ್ಡಿಯಾಗಲಿಲ್ಲ. ಅವಳು ಎಣ್ಣೆ ದೀಪ ಎತ್ತಿ ಹಿಡಿದು ಅವರಿಗೆ ಏಣಿ ತೋರಿಸುತ್ತಿದ್ದಳು.